ಕರಿ ಕುರಿ ಕಾಣದ ಫೋನು

ಕುರಿ ನನ್ನ ಮುಂದೆಯೇ ನಿಂತಿತ್ತು. ಮೂಗು ಫೋನಿನ ಗಾಜಿಗೆ ತಾಗುವಷ್ಟು ಹತ್ತಿರ. ಅದರ ಉಸಿರಿಗೆ ಗಾಜು ಮಬ್ಬಾಗುತ್ತಿತ್ತು, ನಾನು ಸೆರಗಿನಿಂದ ಒರೆಸುತ್ತಿದ್ದೆ. ಫೋನು ಮಾತ್ರ ಐದನೆಯ ಸಲ ಅದೇ ಮಾತು ತೋರಿಸಿತು: ‘ಚಿತ್ರದಲ್ಲಿ ಪ್ರಾಣಿ ಕಂಡುಬಂದಿಲ್ಲ. ದಯವಿಟ್ಟು ಮತ್ತೆ ಪ್ರಯತ್ನಿಸಿ.’

ಕುರಿಯನ್ನು ಎರಡು ತೊಡೆಗಳ ನಡುವೆ ಅದುಮಿ ಹಿಡಿದಿದ್ದ ಹಿರಿಯ ಕುರಿಗಾರರು ಒಮ್ಮೆ ಫೋನು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು.

“ಇದಕ್ಕ ಕಣ್ಣ ಕಾಣಲ್ದೇನ್ರಿ ಮೇಡಂ?”

ಆರನೆಯ ಸಲ ಗುಂಡಿ ಒತ್ತಿದೆ.

ನನ್ನ ಕೆಲಸ ಕುರಿಗಳಿಗೆ ಲಸಿಕೆ ಹಾಕುವುದು. ಕುರಿಗಾರರ ಸಲುವಾಗಿ ನಡೆಯುವ ಒಂದು ಖಾಸಗಿ ಸಂಸ್ಥೆಯಲ್ಲಿದ್ದೇನೆ. ವರ್ಷಕ್ಕೊಮ್ಮೆ ಕರಾರು ಹೊಸದಾಗಬೇಕು, ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಕಚೇರಿ ಬೀದರಿನಲ್ಲಿ, ಲಸಿಕೆ ಇಡುವ ಫ್ರಿಜ್‌ಗಳು ಭಾಲ್ಕಿಯಲ್ಲಿ, ನನ್ನ ಪಾಲಿನ ಹಳ್ಳಿಗಳು ಔರಾದ ತಾಲೂಕಿನಲ್ಲಿ. ನಾನು ಹೇಳುತ್ತಿರುವುದು ಎಕಂಬಾದಲ್ಲಿ ನಾನಿದ್ದ ಎರಡು ದಿನ ಮತ್ತು ಅದರ ಬೆನ್ನಿಗೆ ಬಂದ ಕೆಲವು ದಿನಗಳ ಸಂಗತಿ.

ಎಕಂಬಾದ ಪಕ್ಕದ ಹಳ್ಳಿಯ ಒಂದು ಮಂದೆಯಲ್ಲಿ ಹಿರೇಬೇನೆ ಕಾಣಿಸಿಕೊಂಡಿತ್ತು. ಕಣ್ಣು ಮೂಗು ಸುರಿಯುವುದು, ಬಾಯಿಯೊಳಗೆ ಹುಣ್ಣು, ಆಮೇಲೆ ಭೇದಿ. ಬಿದ್ದ ಕುರಿ ನಾಲ್ಕೈದು ದಿನದಲ್ಲಿ ಮುಗಿದೇ ಹೋಗುತ್ತದೆ. ಬೇನೆ ಬಂದ ಕುರಿಗೆ ಲಸಿಕೆಯಿಂದ ಉಪಯೋಗವಿಲ್ಲ. ಇನ್ನೂ ಬಾರದ ಮಂದೆಗಳಿಗೆ ಸುತ್ತಲಿಂದ ಬೇಗ ಹಾಕಿ ಮುಗಿಸಬೇಕು. ಎಕಂಬಾದಲ್ಲಿ ಆಗ ಎರಡು ಮಂದೆಗಳಿದ್ದವು. ದೊಡ್ಡದು ಈ ಹಿರಿಯರದು. ಸಣ್ಣದು ಐವತ್ತರ ಆಚೀಚಿನ ಒಬ್ಬ ಹೆಣ್ಣುಮಗಳದು. ಗಂಡ ತೀರಿದ ಮೇಲೆ ಮಂದೆಯನ್ನು ತಾನೇ ನಡೆಸುತ್ತ ಬಂದವಳು.

ಲಸಿಕೆ ಸಣ್ಣ ಸೀಸೆಯಲ್ಲಿ ಒಣ ಪುಡಿಯಾಗಿ ಬರುತ್ತದೆ. ಒಂದು ಸೀಸೆ ನೂರು ಕುರಿಗೆ. ಜೊತೆಗೆ ಕೊಡುವ ನೀರಿನಲ್ಲಿ ಕಲಸಿದ ಮೇಲೆ ಐಸಿನ ಮೇಲೆ ಇಟ್ಟುಕೊಂಡು ಎರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಅದಾದ ಮೇಲೆ ಸೀಸೆಯಲ್ಲಿ ಉಳಿದದ್ದು ಬರೀ ನೀರು. ಹಿಡಿಯುವವರು ಚುರುಕಾಗಿದ್ದರೆ ಎರಡು ಗಂಟೆ ಧಾರಾಳವಾಗಿ ಸಾಕು. ಹೋದ ವರ್ಷದವರೆಗೂ ಸಾಕಾಗುತ್ತಿತ್ತು. ಮಾಲೀಕನ ಹೆಸರು, ಕುರಿಗಳ ಎಣಿಕೆ, ಸೀಸೆಯ ನಂಬರು, ಒಂದು ಹೆಬ್ಬೆಟ್ಟು. ಇಷ್ಟನ್ನು ಫೋನಿಗೆ ಹಾಕಿದರೆ ಮುಗಿಯುತ್ತಿತ್ತು.

ಈ ವರ್ಷ ಹೊಸ ಆ್ಯಪ್ ಬಂತು. ಪ್ರತಿ ಕುರಿಯ ಮುಖದ ಫೋಟೋ ತೆಗೆಯಬೇಕು. ಕೃತಕ ಬುದ್ಧಿಮತ್ತೆ ಆ ಮುಖವನ್ನು ಗುರುತಿಸಿ ಕುರಿಗೊಂದು ನಂಬರು ಕೊಡುತ್ತದೆ. ನಂಬರು ಬಂದ ಮೇಲೆ ಸೂಜಿ. ಬೀದರಿನಲ್ಲಿ ನಮ್ಮ ಸಾಹೇಬರು, ಅಂದರೆ ಕ್ಷೇತ್ರ ಕೆಲಸದ ಮೇಲಧಿಕಾರಿ, ಗೋಡೆಯ ಮೇಲೆ ಇದನ್ನು ತೋರಿಸಿದ್ದರು. ತೋರಿಸಿದ ಕುರಿ ಬೆಳ್ಳಗಿತ್ತು, ಹಸಿರು ಹುಲ್ಲಿನ ಮೇಲೆ ನಿಂತಿತ್ತು. ನಮ್ಮ ಕಡೆಯ ಕುರಿಗಳು ಕಪ್ಪು, ನಿಲ್ಲುವುದು ಕಪ್ಪು ನೆಲದ ಮೇಲೆ ಎಂದು ನಾನು ಎದ್ದು ಹೇಳಿದೆ. ಆ್ಯಪ್ ತಾನಾಗಿಯೇ ಕಲಿಯುತ್ತ ಹೋಗುತ್ತದೆ ಎಂದರು. ಎಲ್ಲಿ ಕಲಿಯುತ್ತದೆ, ಯಾರ ಕುರಿಯ ಮೇಲೆ ಕಲಿಯುತ್ತದೆ ಎಂದು ಕೇಳಬೇಕಿತ್ತು. ಊಟದ ಹೊತ್ತಾಗಿತ್ತು, ಎಲ್ಲರೂ ಏಳುತ್ತಿದ್ದರು, ನಾನೂ ಎದ್ದೆ.

ಮೊದಲ ದಿನ ಭಾಲ್ಕಿಯಿಂದ ನಾಲ್ಕು ಸೀಸೆ ತೆಗೆದುಕೊಂಡು, ಐಸಿನ ಡಬ್ಬಿಯನ್ನು ಸ್ಕೂಟಿಯ ಹಿಂದೆ ಕಟ್ಟಿ ಎಕಂಬಾ ಸೇರಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಬೆಳಿಗ್ಗೆ ಹಿರಿಯರ ಮಂದೆ, ಮಧ್ಯಾಹ್ನ ಹೆಣ್ಣುಮಗಳ ಮಂದೆ ಎಂದು ಲೆಕ್ಕ ಹಾಕಿದ್ದೆ. ಸಣ್ಣ ಮರಿಗಳನ್ನು ಬಿಟ್ಟರೆ ಹಿರಿಯರವು ನೂರಾ ನಲವತ್ತಾರು, ಅವಳವು ಎಪ್ಪತ್ತಾರು. ಹಿಡಿದುಕೊಡಲು ಅವಳೂ ಬಂದಿದ್ದಳು. ಮೊದಲ ಸೀಸೆಯ ನಂಬರನ್ನು ಫೋನಿಗೆ ತೋರಿಸಿ, ಪುಡಿ ಕಲಸಿ, ಐಸಿನ ಮೇಲೆ ಇಟ್ಟೆ. ಎರಡು ಗಂಟೆಯ ಓಟ ಶುರುವಾಯಿತು.

ಮೊದಲ ಕುರಿಗೆ ಹದಿನಾಲ್ಕು ಫೋಟೋ ಹಿಡಿಯಿತು. ಒಮ್ಮೆ ಪ್ರಾಣಿ ಇಲ್ಲ, ಒಮ್ಮೆ ಬೆಳಕು ಸಾಲದು, ಒಮ್ಮೆ ಬೆಳಕು ಹೆಚ್ಚು. ಎರಡನೆಯದಕ್ಕೆ ಬೇಗ ನಂಬರು ಬಂತು. ಮೂರನೆಯದನ್ನು ಹಿಡಿದರೆ, ‘ಈ ಪ್ರಾಣಿ ಈಗಾಗಲೇ ನೋಂದಣಿಯಾಗಿದೆ’ ಎಂದಿತು. ಅದು ಎರಡನೆಯ ಕುರಿಯೇ ಎಂಬುದು ಆ್ಯಪ್‌ನ ತೀರ್ಮಾನ. ಎರಡನೆಯ ಕುರಿ ಆಗಲೇ ಸೂಜಿ ಹಾಕಿಸಿಕೊಂಡು ಮಂದೆಯ ಸುತ್ತ ಕಟ್ಟಿದ ಬಲೆಯ ಆಚೆ ಮೇಯುತ್ತಿತ್ತು. ಹಿರಿಯರು ಮೂರನೆಯದರ ಬಾಯಿ ಬಿಡಿಸಿ ಹಲ್ಲು ತೋರಿಸಿದರು, ಇದು ಎರಡು ಹಲ್ಲಿನದು, ಅದು ಬಾಯಿ ಕೂಡಿದ್ದು, ಅಂದರೆ ಹಲ್ಲೆಲ್ಲ ಬಂದದ್ದು ಎಂದು ವಿವರಿಸಿದರು. ನನಗಲ್ಲ, ಫೋನಿಗೆ. ನಾನು ಫೋನನ್ನು ಅವರ ಕಡೆ ಹಿಡಿದೇ ನಿಂತಿದ್ದೆ.

ಹಾಗೆ ನಿಂತಿದ್ದಾಗ ಹಿರಿಯರು ಹೆಗಲ ಮೇಲಿನ ಕಪ್ಪು ಕಂಬಳಿ ಸರಿಪಡಿಸಿಕೊಂಡರು. ಫೋನು ಟಿಣ್ ಎಂದಿತು. ‘ನೋಂದಣಿ ಯಶಸ್ವಿ. ಈಗ ಲಸಿಕೆ ಹಾಕಿ.’ ಕಂಬಳಿಗೆ ಹನ್ನೆರಡು ಅಂಕಿಯ ನಂಬರು ಬಂದಿತ್ತು. ಅಳಿಸಲು ನೋಡಿದೆ. ನೋಂದಣಿಯಾದ ಪ್ರಾಣಿಯನ್ನು ಅಳಿಸುವ ಅಧಿಕಾರ ನನಗಿಲ್ಲವಂತೆ. ಲಸಿಕೆ ಹಾಕಿದೆ ಎಂದು ಒತ್ತದೆ ಮುಂದಿನ ಕುರಿಗೆ ಹೋಗಲೂ ಬಿಡಲಿಲ್ಲ. ಒತ್ತಿದೆ.

ನೆರವಿಗೆಂದು ಆ್ಯಪ್‌ನೊಳಗೆ ಒಬ್ಬ ಸಹಾಯಕ ಇದ್ದಾನೆ, ಮನುಷ್ಯನಲ್ಲ. ಬಾಯಲ್ಲಿ ಹೇಳಿದರೆ ಕೇಳಿಸಿಕೊಂಡು ಬರೆದುಕೊಳ್ಳುತ್ತಾನೆ. ನನ್ನ ಕೈಯಲ್ಲಿ ಸಿರಿಂಜು ಇತ್ತು, ಹಾಗಾಗಿ ಬಾಯಲ್ಲೇ ಹೇಳಿದೆ: “ಕುರಿ ಕರ್ರಗದಾವ, ಫೋಟೋ ಬರಲ್ದು.” ಅವನು ‘ಕುರಿ ಕರಗಿದಾವೆ’ ಎಂದು ಬರೆದುಕೊಂಡ. ಕ್ಷಣದಲ್ಲಿ ಉತ್ತರ ಬಂತು: ‘ನಿಮ್ಮ ಕುರಿಗಳು ಕರಗಿರುವುದಕ್ಕೆ ವಿಷಾದಿಸುತ್ತೇವೆ. ಡಬ್ಬಿಯಲ್ಲಿನ ಮಂಜುಗಡ್ಡೆಯನ್ನು ಬದಲಾಯಿಸಿ.’ ಓದಿ ಹೇಳಿದೆ. ಹೆಣ್ಣುಮಗಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ಗಂಟೆ ನೋಡಿಕೊಂಡೆ. ಒಂದೂಮುಕ್ಕಾಲು ತಾಸು ಹೋಗಿತ್ತು.

ಮೊದಲ ಸೀಸೆಯಲ್ಲಿ ಹದಿಮೂರು ಕುರಿ ಆದವು. ಉಳಿದ ಎಂಬತ್ತೇಳು ಕುರಿಯ ಔಷಧಿ ಕೆಟ್ಟುಹೋಯಿತು.

ಎರಡನೆಯ ಸೀಸೆ ಒಡೆಯುವ ಮುಂಚೆ ಹೆಣ್ಣುಮಗಳೇ ಒಂದು ದಾರಿ ಹುಡುಕಿದಳು. ಒಣಗಲು ಹಾಕಿದ್ದ ಹಿರಿಯರ ಬಿಳಿ ಧೋತರ ತಂದು ಕುರಿಯ ಹಿಂದೆ ಪರದೆಯಂತೆ ಹಿಡಿದಳು. ಕಪ್ಪು ಮುಖ ಬಿಳಿಯ ಮೇಲೆ ಎದ್ದು ಕಂಡಿತು, ನಂಬರೂ ಬಂತು. ಆದರೆ ಒಬ್ಬರು ಧೋತರ ಹಿಡಿದರೆ ಕುರಿ ಹಿಡಿಯಲು ಒಬ್ಬರೇ ಉಳಿಯುತ್ತಿದ್ದರು. ಗಾಳಿಗೆ ಧೋತರ ಪಟಪಟ ಬಡಿದಾಗ ಕುರಿ ಬೆದರಿ ಕೊಸರುತ್ತಿತ್ತು. ನಡುವೆ ನೆಟ್‌ವರ್ಕ್ ಹೋದಾಗ ಫೋನನ್ನು ಮೇಲೆತ್ತಿ ಹಿಡಿದು ಬೇವಿನ ಗಿಡದ ಕಡೆ ನಡೆಯುತ್ತಿದ್ದೆ, ಬಂದ ಮೇಲೆ ತಿರುಗಿ ಓಡಿ ಬರುತ್ತಿದ್ದೆ. ಎರಡು ಗಂಟೆ ಮುಗಿದಾಗ ಇಪ್ಪತ್ತೊಂದು ಕುರಿ ಆಗಿದ್ದವು.

ಸಾಹೇಬರಿಗೆ ಫೋನು ಮಾಡಿದೆ. ಕಾಗದದ ಮೇಲೆ ಬರೆದುಕೊಂಡು ಹಾಕಲೇ, ಆಮೇಲೆ ಒಟ್ಟಿಗೆ ತುಂಬುತ್ತೇನೆ ಎಂದು ಕೇಳಿದೆ. ಅವರು ಒಪ್ಪಲಿಲ್ಲ. ಮೇಲಿನವರು ನೋಡುವುದು ಆ್ಯಪ್‌ನ ನಕ್ಷೆಯನ್ನು ಮಾತ್ರ. ಆ್ಯಪ್‌ನಲ್ಲಿ ಇಲ್ಲದ ಲಸಿಕೆ ಹಾಕದ ಲಸಿಕೆಯೇ. ನೋಂದಣಿ ಇಲ್ಲದೆ ಸೀಸೆ ಒಡೆದರೆ ದುರುಪಯೋಗ ಎಂದು ಬರುತ್ತದೆ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ಅಷ್ಟು ಹೊತ್ತಿಗೆ ಬಿಸಿಲು ಏರಿ, ಕುರಿಗಳು ನೀರಿಗೆ ಒದ್ದಾಡುತ್ತಿದ್ದವು. ಹಿರಿಯರು ತಮ್ಮವಕ್ಕೆ ಹೊಲದ ಬಾವಿಯಲ್ಲೇ ನೀರು ಕುಡಿಸಿದರು, ಹೆಣ್ಣುಮಗಳು ತನ್ನ ಮಂದೆಯನ್ನು ಕೆರೆಗೆ ಹೊಡೆದುಕೊಂಡು ಹೋದಳು. ಪಕ್ಕದ ಹಳ್ಳಿಯ ಕುರಿಗಳೂ ಅದೇ ಕೆರೆಗೆ ಬರುತ್ತವೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಕೇಳಬೇಕಿತ್ತು, ಫೋನಿನ ಗದ್ದಲದಲ್ಲಿ ಕೇಳಲಿಲ್ಲ.

ಉಳಿದ ಎರಡು ಸೀಸೆಗಳನ್ನು ಔರಾದಿನ ಪಶುವೈದ್ಯರ ಫ್ರಿಜ್ಜಿನಲ್ಲಿ ಇರಿಸಿ, ಅಲ್ಲೇ ನೆಂಟರ ಮನೆಯಲ್ಲಿ ಉಳಿದೆ. ಬೇನೆ ಇದ್ದ ಮಂದೆಯನ್ನು ನೋಡಿ ಬಂದಿದ್ದ ವೈದ್ಯರು ನಾಳೆ ಮುಗಿಸಿಬಿಡಿ ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಹಿರಿಯರು ಬಲೆ ಬಿಚ್ಚುತ್ತಿದ್ದರು. ಕುದುರೆಯ ಮೇಲೆ ಹಾಸಿಗೆ, ಪಾತ್ರೆ ಕಟ್ಟಿ ಆಗಿತ್ತು. ಬೀದರಿನ ಕಡೆ ಮನ್ನಳ್ಳಿಯ ರೈತರೊಬ್ಬರ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ಕೂಡಿಸುವುದಾಗಿ ಅವರು ಮೊದಲೇ ಮಾತು ಕೊಟ್ಟಿದ್ದರು. ಲಸಿಕೆ ಆಗದೆ ಹೊರಟರೆ ದಾರಿಯುದ್ದಕ್ಕೂ ಎಷ್ಟು ಮಂದೆಗಳನ್ನು ದಾಟಬೇಕೋ, ಎಷ್ಟು ಕೆರೆಗಳಲ್ಲಿ ನೀರು ಕುಡಿಸಬೇಕೋ. ಒಂದೇ ಒಂದು ದಿನ ನಿಲ್ಲಿ ಎಂದು ಬೇಡಿಕೊಂಡೆ.

“ನಿನ್ನಿ ಇಡೀ ದಿನ ನಿಂತೇನಲ್ರಿ,” ಎಂದರು ಹಿರಿಯರು. “ಮೂವತ್ನಾಕ್ ಕುರಿ ಆದವು. ಮೇಲ ನನ್ ಕಂಬ್ಳಿ ಒಂದು. ಹಿಂಗಾದ್ರ ಇನ್ನ ನಾಕ್ ದಿನ ಬೇಕು. ಕುರಿ ಅಷ್ಟ್ ದಿನ ಏನ್ ತಿನ್ಬೇಕ್ರಿ?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಡಬ್ಬಿ ಇಳಿಸಿ ಮೂರನೆಯ ಸೀಸೆಯ ನಂಬರನ್ನು ಫೋನಿಗೆ ತೋರಿಸಿದೆ. ಹೊಸ ಸೀಸೆ ತೆರೆಯಲು ಅನುಮತಿ ಇಲ್ಲ ಎಂದಿತು. ಅರ್ಧಕ್ಕೆ ಬಿಟ್ಟ ಸೀಸೆ ಒಂದಾದರೆ ಬಿಡುತ್ತದಂತೆ, ಎರಡಾದರೆ ಇಲ್ಲ. ಹಿಂದಿನ ಸೀಸೆಯಲ್ಲಿ ಎಪ್ಪತ್ತೊಂಬತ್ತು ಕುರಿಯ ಲಸಿಕೆ ಬಾಕಿ ಇದೆ, ಮೊದಲು ಅದನ್ನು ಬಳಸಿ ಎಂದಿತು. ಅದು ನಿನ್ನೆ ಕೆಟ್ಟುಹೋದ ಸೀಸೆ. ಅದರಲ್ಲಿದ್ದದ್ದನ್ನು ಕುರಿಗೆ ಚುಚ್ಚಿದರೆ ಚುಚ್ಚಿದ ಗಾಯವಷ್ಟೇ ಲಾಭ. ಆದರೆ ಹಾಗೆ ಮಾಡಿದ್ದರೆ ಫೋನಿನಲ್ಲಿ ಎಲ್ಲವೂ ಸರಿಯಾಗಿ ಕೂಡುತ್ತಿತ್ತು, ನಕ್ಷೆ ಹಸಿರಾಗುತ್ತಿತ್ತು, ನನ್ನ ಕರಾರೂ ಉಳಿಯುತ್ತಿತ್ತು.

ನನ್ನ ಅವ್ವ ಮಿಷನ್ ಕಾಲದ ಹಳೆಯ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದಳು. ಸೀಸೆಯ ಮೇಲಿನ ತಾರೀಖು ಓದದೆ ಸೂಜಿ ಎತ್ತಿದವರನ್ನು ವಾರ್ಡಿನಿಂದಲೇ ಹೊರಗೆ ಕಳಿಸುತ್ತಿದ್ದಳಂತೆ. ಆ ಹೊತ್ತಿನಲ್ಲಿ ಅವಳ ನೆನಪಾಯಿತೆಂದು ಹೇಳಿದರೆ ಸುಳ್ಳಾದೀತು. ನನಗೆ ಬಂದದ್ದು ಸಿಟ್ಟು. ಫೋನು ಆಫ್ ಮಾಡಿ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದೆ.

“ಕಾಕಾ, ಬಲಿ ಮತ್ತ ಕಟ್ರಿ,” ಎಂದೆ. “ಮಧ್ಯಾಹ್ನದ ಒಳಗ ಬಿಡ್ತೇನಿ.”

ಹಿರಿಯರು ಬ್ಯಾಗು ನೋಡಿದರು. “ಅದು ಬ್ಯಾಡೇನ್ರಿ?”

“ಬ್ಯಾಡ್ರಿ.”

ಬಲೆ ಮತ್ತೆ ಕಟ್ಟಿದರು. ಹೆಣ್ಣುಮಗಳು ತನ್ನ ಮಂದೆಯನ್ನೂ ಅಲ್ಲಿಗೇ ಹೊಡೆದುಕೊಂಡು ಬಂದಳು. ಎರಡು ಮಂದೆ ಬೆರೆಯದಂತೆ ನಡುವೆ ಬಲೆ ಎಳೆದೆವು. ಕೆಮ್ಮಣ್ಣು ಕಲಸಿ ಒಂದು ಡಬ್ಬಿಯಲ್ಲಿ ಇಟ್ಟುಕೊಂಡೆವು. ಪುಸ್ತಕದ ಒಂದು ಹಾಳೆಗೆ ಗೆರೆ ಹೊಡೆದು ಮಾಲೀಕರ ಹೆಸರು, ಸೀಸೆಯ ನಂಬರು, ಕಲಸಿದ ಹೊತ್ತು ಬರೆದೆ. ಹಿರಿಯರು ಹಿಡಿಯುವುದು, ನಾನು ಕುತ್ತಿಗೆಯ ಪಕ್ಕದ ಸಡಿಲ ಚರ್ಮ ಎತ್ತಿ ಸೂಜಿ ಹಾಕುವುದು, ಹೆಣ್ಣುಮಗಳು ಹಣೆಗೆ ಕೆಮ್ಮಣ್ಣು ಬಳಿದು ಆಚೆ ಬಿಡುವುದು. ಹತ್ತು ಆದಾಗೊಮ್ಮೆ ಸೂಜಿ ಬದಲಿಸಿ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದೆ. ಕೆಲಸಕ್ಕೆ ತನ್ನದೇ ಒಂದು ಲಯ ಬಂದಿತ್ತು. ಹಿರಿಯರ ನೂರಾ ಹನ್ನೆರಡು ಮೊದಲು ಮುಗಿದವು, ಆಮೇಲೆ ಅವಳ ಎಪ್ಪತ್ತಾರು. ಒಟ್ಟು ನೂರಾ ಎಂಬತ್ತೆಂಟು. ಬೆನ್ನು ನೆಟ್ಟಗೆ ಮಾಡಿದಾಗ ಸೂರ್ಯ ಇನ್ನೂ ನೆತ್ತಿಗೆ ಬಂದಿರಲಿಲ್ಲ. ಹಾಳೆಗೆ ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಹಿರಿಯರು ಮಂದೆ ಹೊಡೆದುಕೊಂಡು ಹೊರಟರು.

ಮರುದಿನವೇ ಬೀದರಿನಿಂದ ಕರೆ ಬಂತು. ಖಾಲಿ ಸೀಸೆಗಳನ್ನೂ ಹಾಳೆಯನ್ನೂ ತೆಗೆದುಕೊಂಡು ಹೋದೆ. ಸಾಹೇಬರ ಎದುರಿನ ಪರದೆಯ ಮೇಲೆ ನಕ್ಷೆ ತೆರೆದಿತ್ತು. ಹಸಿರು ಚುಕ್ಕೆಗಳ ನಡುವೆ ಎಕಂಬಾ ಕೆಂಪಾಗಿತ್ತು. ಅವರು ಬಾಗಿಲು ಮುಂದಕ್ಕೆ ಮಾಡಿ, ಪರದೆಯನ್ನು ನನ್ನ ಕಡೆ ತಿರುಗಿಸಿ, ಬೇರೆ ಕಡೆಯ ಒಬ್ಬರು ಒಂದೇ ದಿನ ಮುಗಿಸಿದ ಮಂದೆಯ ಫೋಟೋಗಳನ್ನು ತೋರಿಸಿದರು. ಸಾಲಾಗಿ ಬಿಳಿ ಮೂತಿಗಳು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ನನಗೆ ತಿಳಿಯಿತು. ಎಲ್ಲವೂ ಒಂದೇ ಕುರಿ. ಹಿಂದಿನ ಗೋಡೆ ಒಂದೇ, ಗೋಡೆಯ ಮೇಲಿನ ಮೊಳೆಯೂ ಒಂದೇ. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, ಹೂಮಾಲೆ ಹಾಕಿ, ಹೂಮಾಲೆ ತೆಗೆದು.

“ನಿಮಗ ಗೊತ್ತದ ಏನ್ರಿ ಸರ್ ಇದು?” ಎಂದು ಕೇಳಿದೆ.

“ಗೊತ್ತದ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವೂ ಹಂಗೇ ತುಂಬಿಬಿಡ್ರಿ. ನಿಮ್ ಮ್ಯಾಲ ಏನೂ ಬರಲ್ದು. ಇಲ್ಲಂದ್ರ ಮುಂದ ಸೀಸೆ ಕೊಡ್ಲಾಕ ಆ್ಯಪ್ ಬಿಡಲ್ದು, ಕರಾರಿಗೂ ತಕಲೀಫ್ ಆಗ್ತದ.”

ನನ್ನ ಮೇಲೆ ಕರುಣೆಯಿಂದಲೇ ಹೇಳುತ್ತಿದ್ದರು, ಅದೇ ನನಗೆ ಹೆಚ್ಚು ಕಷ್ಟವಾಯಿತು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ನಾನು ನಿಜವಾಗಿ ಹಾಕಿದ ನೂರಾ ಎಂಬತ್ತೆಂಟು ಲಸಿಕೆಗಳಿಗೆ ಸುಳ್ಳು ಫೋಟೋ ಅಂಟಿಸಲಾರೆ ಎಂದೆ. ಹಾಗೆ ಮಾಡಿದರೆ ನನ್ನ ಕೆಲಸಕ್ಕೂ ಆ ಗೋಡೆಯ ಮುಂದಿನ ಕೆಲಸಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಈ ಹಾಳೆಯನ್ನು ಪಡೆದದ್ದಕ್ಕೆ ಸಹಿ ಹಾಕಿ, ಕಚೇರಿ ಮುದ್ರೆಯ ಶಿಕ್ಕಾ ಹೊಡೆದು ಕೊಡಿ, ಅಷ್ಟು ಸಾಕು ಎಂದು ಕೇಳಿದೆ. ಅವರು ಬಹಳ ಹೊತ್ತು ಹಾಳೆ ನೋಡಿದರು. ಕೊನೆಗೆ ಸಹಿ ಮಾತ್ರ ಹಾಕಿದರು, ಶಿಕ್ಕಾ ಹೊಡೆಯಲಿಲ್ಲ. ಆ ಸಂಜೆಯೇ ನನ್ನ ಫೋನಿಗೆ ಎಚ್ಚರಿಕೆ ಬಂತು, ಕಳಿಸಿದವರ ಹೆಸರಿರಲಿಲ್ಲ. ಮುಂದಿನ ಸೂಚನೆಯವರೆಗೆ ನನಗೆ ಸೀಸೆ ಸಿಗುವುದಿಲ್ಲ ಎಂದಿತ್ತು.

ವಾರದೊಳಗೆ ಎಕಂಬಾದಿಂದ ಹೆಣ್ಣುಮಗಳ ಫೋನು ಬಂತು. ಆರು ಕುರಿಗಳ ಮೂಗು ಸುರಿಯುತ್ತಿದೆ, ಮೇವು ಮುಟ್ಟುತ್ತಿಲ್ಲ ಎಂದಳು. ಔರಾದಿನ ವೈದ್ಯರೊಂದಿಗೆ ಹೋದೆ. ಅದೇ ಬೇನೆ. ನಾವು ಲಸಿಕೆ ಹಾಕುವ ಮೊದಲೇ ಕೆರೆಯ ಹತ್ತಿರ ಅಂಟಿರಬೇಕು ಎಂದರು ವೈದ್ಯರು. ಲಸಿಕೆಯ ಬಲ ಬರಲು ದಿನಗಳು ಬೇಕು. ಒಂದು ದಿನ ಮುಂಚೆ ಹಾಕಿದ್ದರೂ ಇವು ಉಳಿಯುತ್ತಿದ್ದವೆಂದು ಹೇಳಲಾಗದು ಎಂದರು. ಇರಬಹುದು. ಆದರೆ ಆ ಮಧ್ಯಾಹ್ನ ನಾನು ಅವಳ ಮಂದೆಯನ್ನು ಬಲೆಯೊಳಗೆ ಹಿಡಿದಿಟ್ಟಿದ್ದರೆ ಅದು ಕೆರೆಗೆ ಹೋಗುತ್ತಿರಲಿಲ್ಲ. ಈ ಮಾತನ್ನು ನಾನು ವೈದ್ಯರಿಗೆ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ.

ಇನ್ನೂ ಕೆಲವು ಬಿದ್ದವು, ಎಲ್ಲಕ್ಕೂ ಚಿಕಿತ್ಸೆ ನಡೆಯಿತು. ಎಂಟು ಸತ್ತವು. ಮಿಕ್ಕವು ಉಳಿದವು. ಮನ್ನಳ್ಳಿಗೆ ಹೋಗಿದ್ದ ಹಿರಿಯರ ಮಂದೆಯಲ್ಲಿ ಒಂದೂ ಬೀಳಲಿಲ್ಲ.

ಸಾವನ್ನು ವರದಿ ಮಾಡುವುದು ಮುಖ್ಯವಾಗಿತ್ತು. ವರದಿ ಬಂದರೆ ಸುತ್ತಲಿನ ಹಳ್ಳಿಗಳಿಗೆ ಸೀಸೆ ಬಿಡುಗಡೆಯಾಗುತ್ತದೆ. ಫೋನು ತೆರೆದು ‘ಮರಣ’ ಎಂಬಲ್ಲಿ ಒತ್ತಿದೆ. ಪ್ರಾಣಿಯ ನಂಬರು ಕೇಳಿತು. ಅವಳ ಕುರಿಗಳಿಗೆ ನಂಬರೇ ಇರಲಿಲ್ಲ. ನಂಬರು ಇಲ್ಲ ಎಂದು ಒತ್ತಿದರೆ, ‘ಮೊದಲು ಪ್ರಾಣಿಯನ್ನು ನೋಂದಾಯಿಸಿ. ಪ್ರಾಣಿಯನ್ನು ನಿಲ್ಲಿಸಿ ಮುಖದ ಚಿತ್ರ ತೆಗೆಯಿರಿ’ ಎಂದಿತು. ಹುಟ್ಟೇ ಇಲ್ಲದ ಕುರಿ ಸಾಯುವುದಾದರೂ ಹೇಗೆ?

ನಾನು ಪುಸ್ತಕದ ಇನ್ನೊಂದು ಹಾಳೆ ತೆಗೆದೆ. ಎಂಟು ಕುರಿಗಳ ಗುರುತು ಹೇಳು ಅಕ್ಕಾ ಎಂದೆ. ಅವಳು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಬೆರಳು ಮಡಚುತ್ತ ಹೇಳಿದಳು.

“ಒಂದು ಎಡಗಿವಿ ಸೀಳಿದ್ದು, ನಾಯಿ ಹಿಡ್ದಿತ್ತು. ಒಂದರದು ಹಣಿ ಮ್ಯಾಲ ಕೂದ್ಲ ಕೆಂಪ ಇತ್ತು. ಒಂದು ಕುಂಟು. ಒಂದು ಅವಳಿ ಈದದ್ದು, ಎರಡೂ ಮರಿ ಅದಾವ ನೋಡು. ಒಂದು ಕೈಯಾಗಿನ ರೊಟ್ಟಿ ಕಸ್ಕೊಂಡ್ ತಿಂತಿತ್ತು…”

ಎಂಟನ್ನೂ ಹೇಳಿದಳು. ಎಲ್ಲಿಯೂ ತಡವರಿಸಲಿಲ್ಲ. ಯಾವುದು ಯಾವುದರ ಮಗಳು ಎಂಬುದನ್ನೂ ಸೇರಿಸಿದಳು. ನಾನು ಅವಳು ಹೇಳಿದ ಹಾಗೆಯೇ ಬರೆದೆ. ವೈದ್ಯರು ಕೆಳಗೆ ಬೇನೆಯ ಹೆಸರು ಬರೆದು ಸಹಿ ಹಾಕಿದರು.

ಅದನ್ನು ಬೀದರಿಗೆ ಒಯ್ದು ಸಾಹೇಬರ ಮುಂದೆ ಇಟ್ಟೆ. ಪರದೆಯ ಮೇಲೆ ಎಕಂಬಾದ ಬೇನೆಯ ಪಟ್ಟಿ ಖಾಲಿ ಇತ್ತು. ಅವರು ಹಾಳೆ ಎತ್ತಿಕೊಂಡು ಮೊದಲ ಸಾಲಿನಿಂದ ಓದತೊಡಗಿದರು. ರೊಟ್ಟಿ ಕಸಿದುಕೊಳ್ಳುವ ಕುರಿಯವರೆಗೆ ಬಂದು ನಿಂತರು. ಮತ್ತೆ ಅದೇ ಸಾಲನ್ನು ಓದಿದರು. ನಾನು ಕುರ್ಚಿಯ ಹಿಂದೆ ನಿಂತೇ ಇದ್ದೆ. ಕೂಡಲು ಅವರು ಹೇಳಿರಲಿಲ್ಲ, ನನಗೂ ಕೂಡುವ ಮನಸ್ಸಿರಲಿಲ್ಲ.

ಆಮೇಲೆ ಅವರು ಭಾಲ್ಕಿಯ ಫ್ರಿಜ್ ನೋಡಿಕೊಳ್ಳುವವರಿಗೆ ಫೋನು ಹಚ್ಚಿದರು. ಹತ್ತು ಸೀಸೆ ಕಟ್ಟಿ ಇಡಲು ಹೇಳಿದರು. ಆ ಕಡೆಯಿಂದ ಏನೋ ಕೇಳಿರಬೇಕು.

“ಆ್ಯಪ್‌ನ್ಯಾಗ ಬರಲ್ದು,” ಎಂದರು ಸಾಹೇಬರು. “ಕಾಗದ ಬರ್ತದ. ನಾ ಬರ್ದು ಸಹಿ ಹಾಕಿ ಕಳಸ್ತೇನಿ. ಹೌದು, ನನ್ ಹೆಸರ ಮ್ಯಾಲೇ.”

ಕಾಗದ ಬರೆದು ಸಹಿ ಹಾಕಿ, ಶಿಕ್ಕಾ ಹುಡುಕಲು ಅವರು ಮೇಜಿನ ಡ್ರಾಯರ್ ಎಳೆದರು. ಅದರ ಶಾಯಿಯ ಮೆತ್ತೆ ಒಣಗಿಹೋಗಿತ್ತು. ಬಾಟಲಿಯಿಂದ ಎರಡು ಹನಿ ನೀರು ಬಿಟ್ಟು, ಗಟ್ಟಿಯಾಗಿ ಒತ್ತಿ, ಕಾಗದ ನನ್ನ ಕೈಗೆ ಕೊಟ್ಟರು. ಶಾಯಿ ಹರಡಿತ್ತು, ಆದರೂ ಓದಲು ಬರುತ್ತಿತ್ತು. ನಾನು ಅದನ್ನು ಆರಿಸಿಕೊಳ್ಳುತ್ತ ಭಾಲ್ಕಿಯ ಬಸ್ಸಿಗೆ ಓಡಿದೆ.